ಗಾಳಿ ಬಲೂನ್ ಹಾಕ್ಸಿದ್ಮೇಲೂ ಗಾಡಿ ಎಗರ್ತಿದೆ ಸಾರ್!

ಪ್ರಶ್ನೆ: ಸಾರ್, ನಂದು ಟೆಂಪೋ ಟ್ರಾವೆಲರ್, ಟೂರಿಸ್ಟ್ ಗಾಡಿ. ಹಿಂದ್ಗಡೆ ಸ್ಪ್ರಿಂಗ್ ಪ್ಲೇಟ್ ಜೊತೆಗೆ ಭಾರ ಹೊರೋಕೆ ಗಾಳಿ ತುಂಬೋ ರಬ್ಬರ್ ಚೀಲ, ಅದೇ ಏರ್ ಬಲೂನ್ ಕಿಟ್ ಹಾಕ್ಸಿದೀನಿ. ಹಾಕ್ಕೊಟ್ಟವರು ಗಾಳಿ ಒತ್ತಡ 60 ಪಿಎಸ್‌ಐ ಇಟ್ಬಿಡಿ, ಆಮೇಲೆ ಮುಟ್ಲೇಬೇಡಿ ಅಂದ್ರು. ಖಾಲಿ ಹೋಗ್ವಾಗ ಹಂಪಲ್ಲಿ ಎಗರುತ್ತೆ, ಹಿಂದಿಂದ ಟಕ್ ಅಂತ ಸೌಂಡು. ಪಾರ್ಟಿ ತುಂಬ್ಕೊಂಡು ಚಾಮುಂಡಿ ಬೆಟ್ಟ ಹತ್ತಿದ್ರೆ ತಿರುವಲ್ಲಿ ವಾಲುತ್ತೆ. ಗಾಳಿ ಕಮ್ಮಿ ಮಾಡ್ಲಾ, ಜಾಸ್ತಿ ಮಾಡ್ಲಾ?
— ಟ್ರಾವೆಲ್ಸ್ ಓನರ್, ಶ್ರೀರಂಗಪಟ್ಟಣ

ಉತ್ತರ: ಮೊದ್ಲು ಆ ‘ಮುಟ್ಲೇಬೇಡಿ’ ಅನ್ನೋದನ್ನ ಮರ್ತುಬಿಡಿ. ಬಲೂನ್ ಗಾಳಿ ಲೋಡಿಗೆ ತಕ್ಕಂಗೆ ಇರ್ಬೇಕು, ಖಾಲಿ ಗಾಡಿಗೂ 17 ಜನಕ್ಕೂ ಒಂದೇ ಅಂದ್ರೆ ಹಾಕ್ಸಿದ್ದೇ ದಂಡ. ಖಾಲಿಗೆ 60 ಇಟ್ರೆ ಹಿಂಬದಿ ಎದ್ದು ಶಾಕಬ್ಸರ್ ಪೂರ್ತಿ ಎಳ್ಕೊಂಡ್ ನಿಂತಿರುತ್ತೆ, ಹಂಪ್ ದಾಟಿದ್ಮೇಲೆ ಚಕ್ರ ಕೆಳಗಿಳಿಯೋಕೆ ಜಾಗಾನೇ ಇರಲ್ಲ, ನಿಮ್ಮ ಟಕ್ ಸೌಂಡ್ ಬಹುಶಃ ಅದೇ.

ಹಿಂಗ್ ಮಾಡಿ. ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಸಿ, ಕಿಟ್ ಕಾರ್ಡಲ್ಲಿ ಹೇಳಿರೋ ಮಿನಿಮಮ್ ಗಾಳಿ ಇಡಿ, ಬಹಳಷ್ಟು ಕಿಟ್‌ಗೆ 5 ಪಿಎಸ್‌ಐ ಆಸುಪಾಸು. ಸೊನ್ನೆ ಮಾಡ್ಬೇಡಿ, ರಬ್ಬರ್ ಮಡಚ್ಕೊಂಡು ಉಜ್ಜಿ ಹರಿಯುತ್ತೆ. ಚಕ್ರದ ನಡುವಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡ್ದು ಅಳತೆ ಬರ್ಕೊಳಿ. ಆಮೇಲೆ ಜನ, ಲಗೇಜ್ ತುಂಬಿ ಆ ಅಳತೆಗೆ ಒಂದೆರಡು ಬೆರಳು ಕಮ್ಮಿ ಬರೋವರ್ಗೂ ಗಾಳಿ ಹಿಡೀರಿ, ಕಾರ್ಡಲ್ಲಿರೋ ಮ್ಯಾಕ್ಸಿಮಮ್ ಮಾತ್ರ ದಾಟ್ಬೇಡಿ. ಗೇಜಲ್ಲಿ ಬಂದಿದ್ದೇ ನಿಮ್ಮ ಫುಲ್ ಲೋಡ್ ನಂಬರು. ಪೂರ್ತಿ ಖಾಲಿ ಹೈಟಿಗೆ ಎತ್ತೋಕೆ ಹೋಗ್ಬೇಡಿ ಯಾಕಂದ್ರೆ ಕೆಲವು ಗಾಡೀಲಿ ಹಿಂದಿನ ಆಕ್ಸಲ್‌ಗೆ ರಾಡ್ ಕಟ್ಟಿ ಲೋಡ್ ನೋಡ್ಕೊಂಡು ಬ್ರೇಕ್ ಬಿಡೋ ವಾಲ್ವ್ ಇರುತ್ತೆ, ಹಿಂಬದಿ ಎದ್ದಿದ್ರೆ ಅದು ಗಾಡಿ ಖಾಲಿ ಅನ್ಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತೆ. ನಿಮ್ಮದರಲ್ಲೂ ಇದ್ರೆ ಸರ್ವೀಸ್ ಸೆಂಟರಲ್ಲಿ ತೋರ್ಸಿ.

ವಾಲೋದಕ್ಕೆ ನಂಗೆ ಡೌಟ್ ಇರೋದು ಪೈಪ್ ಮೇಲೆ. ಕಾಸು ಉಳ್ಸೋಕೆ ಎಡ-ಬಲ ಎರಡಕ್ಕೂ ಟೀ (ಮೂರು ಬಾಯಿಯ ಪೈಪ್ ಜಾಯಿಂಟ್) ಹಾಕಿ ಒಂದೇ ವಾಲ್ವ್ ಕೊಟ್ಟಿರ್ತಾರೆ. ತಿರುವಲ್ಲಿ ಹೊರಗಡೆ ಬಲೂನ್ ಒತ್ತಿದ ತಕ್ಷಣ ಅದರ ಗಾಳಿ ಒಳಗಡೆ ಬಲೂನಿಗೆ ಓಡುತ್ತೆ, ಒಂದ್ ಕಡೆ ಕುಸಿಯುತ್ತೆ ಇನ್ನೊಂದ್ ಕಡೆ ಎತ್ತುತ್ತೆ. ಟೀ ಕಿತ್ತಾಕ್ಸಿ, ಎರಡು ಪೈಪ್ ಎರಡು ವಾಲ್ವ್ ಮಾಡ್ಸಿ.

ಗಾಳಿ ಕಮ್ಮಿ ಮಾಡಿದ್ರೆ ಮೆತ್ತಗಾಗುತ್ತೆ ಅಂತ ಎಲ್ರೂ ಅನ್ಕೊಳ್ತಾರೆ, ಲೋಡಲ್ಲಿ ಹಂಗ್ ಮಾಡಿದ್ರೆ ಗಾಡಿ ಬಂಪ್ ಸ್ಟಾಪ್ (ಕೊನೇಲಿ ತಡೆಯೋ ರಬ್ಬರ್ ತುಂಡು) ಮೇಲೆ ಕೂತು ಗುದ್ದು ಸೀದಾ ಬೆನ್ನಿಗೇ ಬರುತ್ತೆ. ಮೆತ್ತಗಾಗ್ಬೇಕಂದ್ರೆ ಗಾಳಿಗೆ ಜಾಗ ಜಾಸ್ತಿ ಬೇಕು. ಸೈಕಲ್ ಪಂಪ್ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಮೊದ್ಲು ಸಲೀಸು, ಒಳಗಿನ ಜಾಗ ಕಮ್ಮಿಯಾದಂಗೆಲ್ಲ ಕಲ್ಲಾಗುತ್ತೆ. ಅದಕ್ಕೇ ಕೆಲವು ಗಾಡೀಲಿ ಬಲೂನ್ ಪಕ್ಕ ಇನ್ನೊಂದ್ ಸಣ್ಣ ಟ್ಯಾಂಕ್ ಸೇರ್ಸಿರ್ತಾರೆ. ಇನ್ನು ಎಗರಾಟ ತಡೆಯೋದು ಬಲೂನ್ ಕೆಲಸ ಅಲ್ವೇ ಅಲ್ಲ, ಶಾಕಬ್ಸರ್‌ದು. ಹಂಪ್ ದಾಟಿದ್ಮೇಲೆ ಒಂದ್ಸಲ ಎದ್ದು ಕೂರ್ಬೇಕು, ಮೂರ್ನಾಲ್ಕು ಸಲ ಕುಣಿದ್ರೆ ಅದು ಹೋಗಿದೆ, ಎಣ್ಣೆ ಸೋರಿದ್ಯಾ ನೋಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಜರ್ಮನ್ ಎಸ್‌ಯುವಿ ತಗೊಂಡೆ, ಏರ್ ಸಸ್ಪೆನ್ಷನ್ದು, ಅಂದ್ರೆ ಸ್ಪ್ರಿಂಗ್ ಬದ್ಲು ಗಾಳಿ ಬಲೂನ್ ಮೇಲೆ ನಿಲ್ಲೋದು. ಬೆಳಗ್ಗೆ ನೋಡಿದ್ರೆ ಮುಂದಿನ ಎಡಗಡೆ ಕೂತ್ಬಿಟ್ಟಿರುತ್ತೆ, ಸ್ಟಾರ್ಟ್ ಮಾಡಿದ್ರೆ ಏಳುತ್ತೆ. ಗ್ಯಾರೇಜಲ್ಲಿ ಗಾಳಿ ತುಂಬೋ ಕಂಪ್ರೆಸರ್ ಹೋಗಿದೆ ಅಂತಾರೆ. ಕಾಯಿಲ್ ಸ್ಪ್ರಿಂಗ್ ಹಾಕ್ಸಿಬಿಡ್ಲಾ?
— ವಿಜಯನಗರ, ಮೈಸೂರು

ಉತ್ತರ: ಏಳುತ್ತೆ ಅಂದ್ಮೇಲೆ ಕಂಪ್ರೆಸರ್ ಬದುಕಿದೆಯಲ್ಲ ಸ್ವಾಮಿ! ಆ ಮೂಲೇಲಿ ಗಾಳಿ ಲೀಕ್ ಆಗ್ತಿದೆ. ಗಾಡಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಆಮೇಲೆ ಬಲೂನಿನ ಮಡಿಕೆಗೂ ಪೈಪ್ ಜಾಯಿಂಟ್‌ಗೂ ಸೋಪ್ ನೀರು ಹೊಡೀರಿ, ಗುಳ್ಳೆ ಬಂದ ಜಾಗವೇ ಕಳ್ಳ. ಲೀಕ್ ಹಂಗೇ ಬಿಟ್ರೆ ಹೊಸ ಕಂಪ್ರೆಸರೂ ಓಡಿ ಓಡಿ ಸುಟ್ಟೋಗುತ್ತೆ. ಕಾಯಿಲ್ ಆಸೆ ಹೊಸದೇನಲ್ಲ, 1957ರಲ್ಲಿ ಕ್ಯಾಡಿಲಾಕ್ ಕಂಪನಿ ಎಲ್ಡೊರಾಡೊ ಬ್ರೋಮ್ ಅನ್ನೋ ಕಾರಿಗೆ ಏರ್ ಸಸ್ಪೆನ್ಷನ್ ಕೊಟ್ಟಾಗ್ಲೂ ಲೀಕ್ ಕಾಟ ತಡೀಲಾರ್ದೆ ಎಷ್ಟೋ ಜನ ಕಾಯಿಲ್‌ಗೆ ಬದಲಾಯಿಸ್ಕೊಂಡ್ರು. ಆದ್ರೆ ನಿಮ್ಮ ಗಾಡೀಲಿ ಹೈಟ್ ಸೆನ್ಸರು, ಕಂಪ್ಯೂಟರು ಎಲ್ಲ ಇದಕ್ಕೇ ಕಟ್ಕೊಂಡಿರುತ್ತೆ, ಲೀಕ್ ಇರೋ ಬಲೂನೋ ಪೈಪ್ ಜಾಯಿಂಟೋ ಸರಿ ಮಾಡ್ಸಿದ್ರೆ ಮುಗಿಯೋ ಕೆಲಸ ಅದು.

ಪ್ರಶ್ನೆ: ವೋಲ್ವೋ ಬಸ್ಸಲ್ಲೂ ಲಾಸ್ಟ್ ಸೀಟ್ ಎತ್ತಾಕುತ್ತೆ. ಏರ್ ಸಸ್ಪೆನ್ಷನ್ ಅನ್ನೋದು ಬರೀ ಬಿಲ್ಡಪ್ಪಾ?
— ದಿನಾ ಓಡಾಡೋರು, ಮಂಡ್ಯ

ಉತ್ತರ: ಬಿಲ್ಡಪ್ ಅಲ್ಲ. ನಿಮ್ಮ ಸೀಟು ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇದೆ, ಬಸ್ಸಿನ ಮೂತಿ ತಗ್ಗಿದಾಗೆಲ್ಲ ಬಾಲ ಎದ್ದೇಳುತ್ತೆ. ಎರಡು ಚಕ್ರದ ಮಧ್ಯದ ಸೀಟ್ ಹಿಡೀರಿ.