ಕೇಳಿ, ಹೇಳುತ್ತೇವೆ: ಜುಬಾದ ಬಿಸಿಲು
ಪ್ರಶ್ನೆ: ನನ್ನ ತಮ್ಮ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ದಕ್ಷಿಣ ಸುಡಾನಿನ ಜುಬಾಕ್ಕೆ ಹೊರಟಿದ್ದಾನೆ. ಅಲ್ಲಿ ಮೈ ಗಟ್ಟಿ ಇಟ್ಟುಕೊಳ್ಳುವುದು, ಒಂಟಿತನ ನೀಗುವುದು ಹೇಗೆ?
(ಓದುಗರು, ರೋಣ, ಗದಗ ಜಿಲ್ಲೆ)

ಉತ್ತರ: ಅಲ್ಲಿನ ಬಿಸಿಲಿಗೆ ಮೈ ಒಗ್ಗಲು 10ರಿಂದ 14 ದಿನ ಬೇಕು. ಮೊದಲ ದಿನವೇ ಊರಿನ ವೇಗದಲ್ಲಿ ಓಡಿದರೆ ತಲೆಸುತ್ತು ಬಂದೀತು. ನಸುಕಿನಲ್ಲಿ 20 ನಿಮಿಷದ ನಿಧಾನ ಓಟದಿಂದ ಶುರು ಮಾಡಿ, ದಿನಕ್ಕೆ ಐದೈದು ನಿಮಿಷ ಏರಿಸಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲದೆಂದು ಅರ್ಥ. ಆದರೆ ಗಂಟೆಗೆ ಒಂದೂವರೆ ಲೀಟರ್ ಮೀರಬಾರದು. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ (ಉಪ್ಪಿನಂಶ) ಇಳಿಯುತ್ತದೆ, ಅದೂ ಅಪಾಯವೇ. ಬೆವರು ಹೆಚ್ಚಾದ ದಿನ ಓಆರ್‌ಎಸ್ ಇರಲಿ.

ಸಂಜೆ ಕಬಡ್ಡಿಗೆ ಪ್ಲಟೂನ್‌ವಾರು (ಸೇನೆಯ ಸಣ್ಣ ತುಕಡಿವಾರು) ತಂಡ ಬೇಡ. ಅಡುಗೆಯವರು, ಡ್ರೈವರ್‌ಗಳು, ಸಿಗ್ನಲ್‌ನವರು (ಸಂಪರ್ಕ ವಿಭಾಗದವರು) ಬೆರೆತು ಆಡಿದರೇ ಗೆಳೆತನ. ಕತ್ತಲಾದ ಮೇಲೆ ತುಂಬುತೋಳಿನ ಅಂಗಿ, ಮಲೇರಿಯಾ ಇದೆ. ಶೇಂಗಾ ಚಟ್ನಿಪುಡಿ ನಾಲ್ಕು ಮಂದಿಗಾಗುವಷ್ಟು ಕಟ್ಟಿಕೊಡಿ. ಅಲ್ಲಿನ ಗಡಿಯಾರ ಮೂರೂವರೆ ಗಂಟೆ ಹಿಂದೆ: ನೀವು ರಾತ್ರಿ 10ಕ್ಕೆ ಫೋನ್ ಹಚ್ಚಿದರೆ ಅವನಿಗೆ ಆರೂವರೆ, ಆಟ ಮುಗಿದ ಹೊತ್ತು.