ಗದ್ದೆ ಮಾರೋ ಮಾತು ಆಮೇಲೆ, ಮೊದಲು 371ಜೆ ಸರ್ಟಿಫಿಕೇಟ್ ಮಾಡಿಸಿ

ಗಂಗಾವತಿ ಹತ್ತಿರ ಅಪ್ಪನ ಎರಡು ಎಕರೆ ಮಾರಿ ಬೆಂಗಳೂರಲ್ಲಿ ಎಂಜಿನಿಯರಿಂಗ್‌ಗೆ ಮ್ಯಾನೇಜ್‌ಮೆಂಟ್ ಸೀಟು ತಗೊಳ್ಳೋದಾ, ಇಲ್ಲ ಸಾಲ ಮಾಡೋದಾ ಅಂತ ಕೇಳಿದ್ದೀರಿ. ಸಿಇಟಿಗೆ ಇನ್ನೂ ಅರ್ಜಿಯನ್ನೇ ಹಾಕಿಲ್ಲ ಅಂತಲೂ ಬರೆದಿದ್ದೀರಿ. 371ಜೆ ಅಂದರೆ ನಮ್ಮ ಹೈದರಾಬಾದ್ ಕರ್ನಾಟಕ (ಈಗಿನ ಕಲ್ಯಾಣ ಕರ್ನಾಟಕ) ಭಾಗದವರಿಗೆ ಸಂವಿಧಾನದ ಆ ವಿಧಿಯಡಿ ಇರೋ ಮೀಸಲಾತಿ. 2017ರಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ನಮ್ಮದು ಸಿಂಧನೂರು ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ನಾಲ್ಕು ಎಕರೆ ಭತ್ತ, ಅದೂ ಕೊನೇ ಭಾಗದಲ್ಲಿ. ನೀರು ಬಂದರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ.

ಸಿಇಟಿ ಅರ್ಜಿ ಹಾಕೋಕೆ ಸೈಬರ್‌ಗೆ ಹೋಗಿದ್ದೆ. ಅಲ್ಲಿದ್ದವನು ಟೈಪ್ ಮಾಡ್ತಾ "371ಜೆ ಇದೆಯಾ?" ಅಂದ. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ. ಮಾಡಿಸಬೇಕು ಅಂದರೆ ಲಿಂಗಸುಗೂರಿನ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಓಡಾಡಬೇಕು, ಅಪ್ಪ ನೀರು ಕಟ್ಟೋದು ಬಿಟ್ಟು ಬರೋ ಹಾಗಿರಲಿಲ್ಲ. "ಇಲ್ಲ" ಅಂದೆ. ಅವನು 'ನೋ' ಒತ್ತಿದ. ಸೀಟು ಕೊಡುವಾಗ ತೋರಿಸಿದರಾಯ್ತು ಅಂದುಕೊಂಡಿದ್ದೆ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಆಮೇಲೆ ಕೊಡೋದಿಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಓದಿರಲಿಲ್ಲ. ಆಮೇಲೆ ಹೇಗೋ ಮಾಡಿಸಿ, ದಾಖಲೆ ಪರಿಶೀಲನೆಗೆ ಸರ್ಟಿಫಿಕೇಟ್ ಹಿಡ್ಕೊಂಡೇ ಹೋದೆ. ಪ್ರಿಂಟಿನ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಹೈದರಾಬಾದ್ ಕರ್ನಾಟಕ: ನೋ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಭಾಗದ ಜಿಲ್ಲೆಗಳವರಿಗೆ ಅಂತ ಇದೆ. ಇಲ್ಲೇ ಹುಟ್ಟಿ ಬೆಳೆದ ನಾನು ಆ ಲೆಕ್ಕಕ್ಕೇ ಬರಲಿಲ್ಲ. ರ‍್ಯಾಂಕಿನಲ್ಲಿ ನನಗಿಂತ ಹಿಂದಿದ್ದ ಗೆಳೆಯನಿಗೆ ರಾಯಚೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಲ್ಲಿ ಸೀಟಾಯ್ತು.

ವರ್ಷ ಹಾಳಾಗಬಾರದು ಅಂತ ಅಪ್ಪ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದರು. ವರ್ಷಕ್ಕೆ ಎರಡು ಲಕ್ಷ ಫೀಸು, ಪಿಜಿ ಖರ್ಚು ಬೇರೆ. ದುಡ್ಡು ಬಂದಿದ್ದು ದಲ್ಲಾಳಿ ಅಂಗಡಿಯಿಂದ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಭತ್ತ ಅಲ್ಲಿಗೇ ಹಾಕಬೇಕು, ಅವರು ಹೇಳಿದ ರೇಟಿಗೆ. ಎರಡನೇ ವರ್ಷ ರಜೆಗೆ ಬಂದಾಗ ಗೂಟಕ್ಕೆ ನೇತುಹಾಕಿದ್ದ ಅಪ್ಪನ ಅಂಗಿ ಜೇಬಲ್ಲಿ ಅಂಗಡಿಯ ಚೀಟಿ ಸಿಕ್ತು. 75 ಕೆಜಿಯ 110 ಚೀಲ. ಅದರಲ್ಲಿ ಗೊಬ್ಬರದ ಬಾಕಿ, ಹಮಾಲಿ, ಬಡ್ಡಿ ಎಲ್ಲ ಕಳೆದು, ಕೆಳಗೆ ಕೈಗೆ ಕೊಟ್ಟಿದ್ದು ಅಂತ 6,400 ರೂಪಾಯಿ. ಆರು ತಿಂಗಳ ದುಡಿಮೆ ಅದು. ಚೀಟಿ ಮಡಚಿ ವಾಪಸ್ ಇಟ್ಟೆ, ಅಪ್ಪನಿಗೆ ಹೇಳಲಿಲ್ಲ. ಕೊನೇ ವರ್ಷ ಒಂದೂವರೆ ಎಕರೆ ಹೋಯ್ತು.

ಅದಕ್ಕೇ ಹೇಳ್ತೀನಿ, ಮಾರೋದಾ ಸಾಲವಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಆ ಸೀಟೇ ಬೇಡ. ಬ್ಯಾಂಕ್ ಸಾಲ ಇದೆಯಲ್ಲ ಅಂತೀರೇನೋ, ಆದರೆ ಕೇಂದ್ರ ಸರ್ಕಾರದ ಶಿಕ್ಷಣ ಸಾಲದ ಯೋಜನೆ ಪಿಎಂ ವಿದ್ಯಾಲಕ್ಷ್ಮಿ ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಸಿಗಲ್ಲ. ರಾಯಚೂರು, ತಳಕಲ್ ಸರ್ಕಾರಿ ಕಾಲೇಜುಗಳನ್ನು ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳ ಪಟ್ಟಿಯಲ್ಲಿ) ಮೇಲೆ ಹಾಕಿ. ಮನೆಯ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ (ಕಡಿಮೆ ಆದಾಯದವರಿಗೆ ಇರೋ ಹೆಚ್ಚುವರಿ ಸೀಟಿನ ಕೋಟಾ) ಕೂಡ ಕೇಳಿ, ಅದರಲ್ಲಿ ಬೋಧನಾ ಶುಲ್ಕ ಇರಲ್ಲ. ಊರ ಕಡೆ ಓದಿದರೆ ಕೆಲಸ ಸಿಗಲ್ಲ ಅನ್ನೋರ ಮಾತು ಕೇಳಬೇಡಿ. ಆ ನನ್ನ ಗೆಳೆಯನಿಗೆ ಈಗ ನನ್ನಷ್ಟೇ ಸಂಬಳ, ಅವರ ಹೊಲ ಪೂರ್ತಿ ಅವರ ಹೆಸರಲ್ಲೇ ಇದೆ.

ಈ ವಾರವೇ ಸರ್ಟಿಫಿಕೇಟಿಗೆ ಅರ್ಜಿ ಕೊಡಿ. ಸೈಬರ್‌ನವನು ಸಬ್‌ಮಿಟ್ ಒತ್ತೋ ಮೊದಲು ನೀವೇ ಪಕ್ಕದಲ್ಲಿ ಕೂತು ಒಂದೊಂದು ಸಾಲೂ ಓದಿ. 371ಜೆ ಮುಂದೆ 'ಎಸ್' ಇದೆಯಾ, ಜಾತಿ-ಆದಾಯ ಸರ್ಟಿಫಿಕೇಟಿನ ಮೇಲಿರೋ ಆರ್‌ಡಿ ನಂಬರ್ ಸರಿಯಿದೆಯಾ ನೋಡಿ. ಹಿಂದೆ ಎಷ್ಟೇ ಜನ ಕ್ಯೂ ನಿಂತಿರಲಿ, ಪೂರ್ತಿ ಓದಿಯೇ ಏಳಿ.