ಡಬ್ಬಿ ತಿರುಗಿಸಿ ಓದಿ

ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಯಿತು, ಆಫೀಸಿನಲ್ಲಿ ಎಫ್‌ಎಸ್‌ಎಗೆ (ತೆರಿಗೆ ಕಳೆಯುವ ಮೊದಲೇ ಸಂಬಳದಿಂದ ವೈದ್ಯಕೀಯ ಖರ್ಚಿಗೆ ಎತ್ತಿಡುವ ಖಾತೆ) 1,000 ಡಾಲರ್ ಬರೆಸಿದ್ದೇನೆ, ಚೀಟಿ ಇಲ್ಲದೆ ಕೊಳ್ಳುವ ಯಾವ ಔಷಧಿಗೆ ಆ ದುಡ್ಡು ಸಲ್ಲುತ್ತದೆ ಎಂದು ಕೇಳಿದ್ದೀರಿ. ಊರಿಂದ ತಂದ ಡೋಲೊ ಬಿಲ್ಲು ಹಾಕಬಹುದೇ, ಮೇ ತಿಂಗಳಲ್ಲಿ ಮೊದಲ ಸಲ ಮೂರು ತಿಂಗಳ ಮಟ್ಟಿಗೆ ಬರುವ ಅಮ್ಮನ ಮಂಡಿನೋವಿನ ಮಾತ್ರೆಗೂ ಆಗುತ್ತದೆಯೇ ಎಂದೂ ಕೇಳಿದ್ದೀರಿ. ಅಮ್ಮನ ವಿಷಯ ಕೊನೆಗೆ ಹೇಳುತ್ತೇನೆ, ಅದೇ ಕಷ್ಟದ್ದು.

ನಾನು ಬಂದಿಳಿದದ್ದು 2012ರಲ್ಲಿ. ಆಗ ಎಫ್‌ಎಸ್‌ಎ ದುಡ್ಡಿನಲ್ಲಿ ತಲೆನೋವಿನ ಮಾತ್ರೆ ಕೊಳ್ಳುವುದಕ್ಕೂ ಡಾಕ್ಟರ ಚೀಟಿ ಬೇಕಿತ್ತು. 2011ರಲ್ಲಿ ಬಂದ ಆ ನಿಯಮವನ್ನು 2020ರ ಕೇರ್ಸ್ ಕಾಯ್ದೆ ತೆಗೆದುಹಾಕಿತು. ಮುಟ್ಟಿನ ಪ್ಯಾಡು, ಕಪ್ಪುಗಳೂ ಆ ಕಾಯ್ದೆಯಿಂದಲೇ ಪಟ್ಟಿಗೆ ಸೇರಿದವು. ಹಳಬರು ಈಗಲೂ ಚೀಟಿ ಬೇಕು ಅಂದರೆ ಅದು ಹಳೆಯ ಮಾತು.

ಅಂಗಡಿಯಲ್ಲಿ ಡಬ್ಬಿಯ ಮುಂಭಾಗ ನಂಬಬೇಡಿ, ಹಿಂದಕ್ಕೆ ತಿರುಗಿಸಿ. ಗೆರೆ ಎಳೆದ ಚೌಕದ ನೆತ್ತಿಯಲ್ಲಿ 'ಡ್ರಗ್ ಫ್ಯಾಕ್ಟ್ಸ್' ಎಂದಿದ್ದರೆ ಅದು ಔಷಧಿ, ಬಹುಮಟ್ಟಿಗೆ ಸಲ್ಲುತ್ತದೆ. 'ಸಪ್ಲಿಮೆಂಟ್ ಫ್ಯಾಕ್ಟ್ಸ್' ಎಂದಿದ್ದರೆ ಸಾಮಾನ್ಯವಾಗಿ ಸಲ್ಲದು. ನಿದ್ದೆ ಬರಲು ಎಂದು ಒಂದೇ ಸಾಲಿನಲ್ಲಿ ಇಟ್ಟಿರುವ ಎರಡು ಡಬ್ಬಿ ತೆಗೆದು ನೋಡಿ: ಡೈಫೆನ್‌ಹೈಡ್ರಮಿನ್ ಇರುವ ಜ಼ೀಕ್ವಿಲ್ ಔಷಧಿ, ಪಕ್ಕದ ಮೆಲಟೋನಿನ್ ಸಪ್ಲಿಮೆಂಟ್. ಮಲ್ಟಿವಿಟಮಿನ್, ಚ್ಯವನಪ್ರಾಶ, ಅಶ್ವಗಂಧ ಎಲ್ಲ ಎರಡನೆಯ ಗುಂಪಿಗೇ ಹೋಗುತ್ತವೆ. ಬಸುರಿಯರ ವಿಟಮಿನ್‌ಗೆ ಮಾತ್ರ ವಿನಾಯಿತಿ ಇದೆ. ಡ್ರಗ್ ಫ್ಯಾಕ್ಟ್ಸ್ ಚೌಕ ಇದ್ದರೂ ಸಲ್ಲದವು ಫ್ಲೋರೈಡ್ ಟೂತ್‌ಪೇಸ್ಟು ಮತ್ತು ಬೆವರು ತಡೆಯುವ ಡಿಯೋಡರೆಂಟು. ಅವು ದಿನನಿತ್ಯದ ಶುಚಿಯ ಲೆಕ್ಕ. ಸನ್‌ಸ್ಕ್ರೀನ್ ಎಸ್‌ಪಿಎಫ್ 15 ಅಥವಾ ಮೇಲಿದ್ದು, ಬ್ರಾಡ್ ಸ್ಪೆಕ್ಟ್ರಮ್ ಎಂದು ಬರೆದಿದ್ದರೆ ಆಗುತ್ತದೆ.

ನಮ್ಮವರಿಗೆ ಇಲ್ಲಿ ವಿಟಮಿನ್ ಡಿ ಕೊರತೆ ಕಾಣುವುದು ಹೆಚ್ಚು. ಡಾಕ್ಟರು ಪ್ರಿಸ್ಕ್ರಿಪ್ಷನ್ ಬರೆದು ಕೊಟ್ಟ ದೊಡ್ಡ ಡೋಸಿನ ಗುಳಿಗೆ ಸಲ್ಲುತ್ತದೆ. ಅಂಗಡಿಯಲ್ಲಿ ನೀವೇ ಎತ್ತಿಕೊಂಡ ಸೀಸೆಗೆ 'ಲೆಟರ್ ಆಫ್ ಮೆಡಿಕಲ್ ನೆಸೆಸಿಟಿ', ಅಂದರೆ ಇದು ಚಿಕಿತ್ಸೆಗೆ ಬೇಕೇ ಬೇಕು ಎಂದು ಡಾಕ್ಟರು ಬರೆದುಕೊಟ್ಟ ಪತ್ರ, ಬೇಕು. ಯಾವ ಕಾಯಿಲೆ, ಯಾವ ಔಷಧಿ, ಎಷ್ಟು ಕಾಲ ಎಂಬ ಮೂರೂ ಅದರಲ್ಲಿರಲಿ. ಕೊಳ್ಳುವ ಮೊದಲೇ ಬರೆಸಿಕೊಳ್ಳಿ.

ಉಳಿದ ಪಟ್ಟಿ ಉದ್ದವಿಲ್ಲ. ನೋವು, ಜ್ವರಕ್ಕೆ ಟೈಲೆನಾಲ್, ಆಡ್ವಿಲ್. ಮೂಗು ಸೋರುವುದಕ್ಕೆ ಜ಼ಿರ್ಟೆಕ್, ಕ್ಲಾರಿಟಿನ್, ಫ್ಲೋನೇಸ್. ಬಂದ ವರ್ಷ ಏನೂ ಆಗದವರಿಗೂ ಒಂದೆರಡು ವಸಂತ ಕಳೆದ ಮೇಲೆ ಪರಾಗದ ಅಲರ್ಜಿ ಶುರುವಾಗಬಹುದು, ಇವಕ್ಕೊಂದಿಷ್ಟು ದುಡ್ಡು ಇಟ್ಟುಕೊಳ್ಳಿ. ಎದೆಯುರಿಗೆ ಟಮ್ಸ್, ಪೆಪ್ಸಿಡ್. ಭೇದಿಗೆ ಇಮೋಡಿಯಂ. ವಿಕ್ಸ್, ಬ್ಯಾಂಡೇಜು, ಥರ್ಮಾಮೀಟರು, ಬಿಪಿ ಯಂತ್ರ, ಶುಗರ್ ನೋಡುವ ಸ್ಟ್ರಿಪ್ಪು, ಕಾಂಟ್ಯಾಕ್ಟ್ ಲೆನ್ಸಿನ ದ್ರಾವಣ ಎಲ್ಲವೂ ಆಗುತ್ತವೆ. ಅಂಗಡಿಯ ಸ್ವಂತ ಬ್ರ್ಯಾಂಡಿನಲ್ಲೂ ಅದೇ ಔಷಧಿ ಅಷ್ಟೇ ಪ್ರಮಾಣದಲ್ಲಿರುತ್ತದೆ, ಬೆಲೆ ಕಡಿಮೆ.

ಡೋಲೊ ಬಿಲ್ಲು ಹಾಕಬೇಡಿ. ಹೊರದೇಶದಿಂದ ತಂದ ಅಥವಾ ತರಿಸಿದ ಔಷಧಿಯ ಖರ್ಚನ್ನು ಇಲ್ಲಿನ ತೆರಿಗೆ ಇಲಾಖೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಊರಿಗೆ ಹೋದಾಗ ಡಾಕ್ಟರು ಬರೆದುಕೊಟ್ಟದ್ದನ್ನು ಅಲ್ಲೇ ಕೊಂಡು ಅಲ್ಲೇ ನುಂಗಿದರೆ, ಆ ಔಷಧಿ ಎರಡೂ ದೇಶಗಳಲ್ಲಿ ಕಾನೂನುಬದ್ಧವಾಗಿದ್ದರೆ, ಅದು ಬೇರೆ. ಇನ್ನೊಂದು ಎಚ್ಚರ: ಇಲ್ಲಿ ಅಸಿಟಮಿನೊಫೆನ್ ಅನ್ನುವುದೇ ನಮ್ಮ ಪ್ಯಾರಾಸಿಟಮಾಲ್. ನೆಗಡಿಗೆ ನುಂಗುವ ನೈಕ್ವಿಲ್‌ನ ಎರಡು ಗುಳಿಗೆಯಲ್ಲಿ ಅದು 650 ಮಿಲಿಗ್ರಾಂ ಇರುತ್ತದೆ. ಅದರ ಮೇಲೊಂದು ಡೋಲೊ 650 ನುಂಗಿದರೆ ಒಂದೇ ಸಲಕ್ಕೆ 1,300 ಆಯಿತು. ದಿನಕ್ಕೆ 4,000 ದಾಟಿದರೆ ಯಕೃತ್ತಿಗೆ ಅಪಾಯ.

ಎಫ್‌ಎಸ್‌ಎ ಕಾರ್ಡು ದೊಡ್ಡ ಫಾರ್ಮಸಿಗಳಲ್ಲಿ ಸಲ್ಲುವ ಸಾಮಾನನ್ನು ತಾನೇ ಬೇರ್ಪಡಿಸುತ್ತದೆ. ನಮ್ಮ ಇಂಡಿಯನ್ ಸ್ಟೋರಿನ ಗಲ್ಲಾದಲ್ಲಿ ಆ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ, ಕಾರ್ಡು ನಡೆಯದು. ಕೈಯಿಂದ ಕೊಟ್ಟು ಆಮೇಲೆ ಕ್ಲೇಮು ಹಾಕಿ. ಬಿಲ್ಲಿನಲ್ಲಿ ಅಂಗಡಿಯ ಹೆಸರು, ತಾರೀಕು, ಔಷಧಿಯ ಹೆಸರು, ಬೆಲೆ ಬಿಡಿಬಿಡಿಯಾಗಿ ಇರಬೇಕು. 'ಗ್ರಾಸರಿ 14.99' ಎಂದಿದ್ದರೆ ತಿರುಗಿ ಬರುತ್ತದೆ. ಕ್ರೆಡಿಟ್ ಕಾರ್ಡಿನ ಚೀಟಿ ಸಾಕಾಗದು. ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಫೋಟೋ ತೆಗೆದಿಡಿ.

ಈಗ ಅಮ್ಮನ ವಿಷಯ. ಈ ದುಡ್ಡು ನಿಮಗೆ, ಹೆಂಡತಿಗೆ, ಮಕ್ಕಳಿಗೆ, ಮತ್ತು ತೆರಿಗೆ ಕಾನೂನು ಅವಲಂಬಿತರೆಂದು ಒಪ್ಪುವವರಿಗೆ ಮಾತ್ರ. ಹಾಗೆ ಒಪ್ಪಬೇಕಾದರೆ ಅವರು ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ತೆರಿಗೆ ಲೆಕ್ಕದಲ್ಲಿ ಅಮೆರಿಕ, ಕೆನಡಾ ಅಥವಾ ಮೆಕ್ಸಿಕೊದ ನಿವಾಸಿಯಾಗಿರಬೇಕು. ಅವರ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀವು ಹೊತ್ತಿರಬೇಕು. ಪ್ರತಿ ತಿಂಗಳೂ ನೀವೇ ದುಡ್ಡು ಕಳಿಸುತ್ತಿದ್ದರೂ, ವಿಸಿಟರ್ ವೀಸಾದಲ್ಲಿ ಮೂರು ತಿಂಗಳು ಬಂದುಹೋಗುವ ತಾಯಿ ಈ ಲೆಕ್ಕಕ್ಕೆ ಸೇರುವುದಿಲ್ಲ. ನಮ್ಮಲ್ಲಿ ಅಮ್ಮ ಮನೆಯವರಲ್ಲ ಎಂದು ಯಾರೂ ಬರೆದುಕೊಡುವುದಿಲ್ಲ, ಇಲ್ಲಿನ ಫಾರಂ ಬರೆಸಿಕೊಳ್ಳುತ್ತದೆ. ಅದು ನನಗೆ ಇಂದಿಗೂ ಒಗ್ಗಿಲ್ಲ. ಗಲ್ಲಾದ ಯಂತ್ರಕ್ಕೆ ಮಾತ್ರೆ ಯಾರು ನುಂಗುತ್ತಾರೆಂದು ತಿಳಿಯದು, ಕಾರ್ಡು ನಡೆದುಬಿಡುತ್ತದೆ. ಆದರೆ ಕಾರ್ಡು ಪಡೆಯುವಾಗ ಅರ್ಹರಿಗೆ ಮಾತ್ರ ಬಳಸುತ್ತೇನೆಂದು ಒಪ್ಪಿಕೊಂಡವರು ನೀವು. ಅಮ್ಮನ ಮಾತ್ರೆ ಬೇರೆ ಬಿಲ್ಲು ಮಾಡಿಸಿ, ನಿಮ್ಮ ಸ್ವಂತ ದುಡ್ಡಿನಲ್ಲಿ ಕೊಡಿ.

ಅವರ ಬಿಪಿ, ಶುಗರ್, ಮಂಡಿನೋವಿನ ಮಾತ್ರೆಗಳನ್ನು ಮೂರು ತಿಂಗಳಿಗೆ ಆಗುವಷ್ಟು ಊರಿಂದಲೇ ತರಲಿ. ಸ್ಟ್ರಿಪ್ಪಿನಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ತುಂಬುವುದು ಬೇಡ, ಕಂಪನಿಯ ಪ್ಯಾಕಿನಲ್ಲೇ ಇರಲಿ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಮಾತ್ರೆಯ ಜೆನೆರಿಕ್ ಹೆಸರಿನೊಂದಿಗೆ ಇರಲಿ. ಕೈಚೀಲದಲ್ಲೇ ಇಟ್ಟುಕೊಳ್ಳಲಿ, ಸೂಟ್‌ಕೇಸು ತಡವಾದರೂ ಆ ರಾತ್ರಿಯ ಮಾತ್ರೆ ತಪ್ಪಬಾರದು.